ಮೀಟರ್ ದೂರುವ ಮೊದಲು

ಮಾನ್ಯರೇ,

ಮಳೆಗಾಲದಲ್ಲಿ ಬಿಲ್ ಏರಿದರೆ ಬಾಡಿಗೆದಾರರು ಮೊದಲು ದೂರುವುದು ಮೀಟರನ್ನು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬೀಳುವುದರಿಂದ ಸಿಟ್ಟು ಸಹಜ. ಆದರೂ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಕಾಲು ಗಂಟೆ ಗಮನಿಸಿ. ಆಗಲೂ ಮೀಟರಿನ ಕೆಂಪು ದೀಪ ಮಿನುಗುತ್ತಿದ್ದರೆ ಮೀಟರ್ ಕೆಟ್ಟಿರಬಹುದು, ಇಲ್ಲವೇ ಮೇನ್‌ಗೂ ಮುಂಚೆ ಬೇರೆ ವೈರ್ ಸೇರಿರಬಹುದು. ಮಾಲೀಕರ ಬಾವಿ ಪಂಪ್ ಹೀಗೆ ಸಿಕ್ಕಿಬೀಳುವುದುಂಟು! ಮಿನುಗು ನಿಂತರೆ ಮತ್ತೆ ಮೇನ್ ಹಾಕಿ, ಮನೆಯ ಎಲ್ಲ ಉಪಕರಣಗಳ ಸ್ವಿಚ್ ಆಫ್ ಮಾಡಿ ನೋಡಿ. ಈಗ ಮಿನುಗಿದರೆ ತೇವದ ಗೋಡೆಯೊಳಗಿನ ಹಳೆ ವೈರಿನ ಸೋರಿಕೆಯ ಅನುಮಾನ; ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು, ಹೊಸ ಮೀಟರ್ ಅಲ್ಲ.

ವೇಗವನ್ನೂ ಅಳೆಯಬಹುದು. ಮೀಟರಿನ ಮೇಲೆ ಯೂನಿಟ್‌ಗೆ 3200 ಪಲ್ಸ್ (ಅಂದರೆ ಕೆಂಪು ದೀಪದ ಮಿನುಗು) ಎಂದಿದ್ದರೆ, ತುಂಬಿದ ಬಕೆಟ್‌ನಲ್ಲಿಟ್ಟ 1500 ವ್ಯಾಟಿನ ನೀರು ಕಾಯಿಸುವ ಕಾಯಿಲ್ ಒಂದಕ್ಕೇ ನಿಮಿಷಕ್ಕೆ ಸುಮಾರು 80 ಮಿನುಗು ಬರಬೇಕು. ವೋಲ್ಟೇಜ್ 200ಕ್ಕೆ ಇಳಿದಿದ್ದರೆ 60ರ ಆಸುಪಾಸು. ಇದಕ್ಕಿಂತ ತುಂಬ ಹೆಚ್ಚಿದ್ದರೆ ವಿಡಿಯೊ ಮಾಡಿಟ್ಟುಕೊಳ್ಳಿ. ಒಂದೇ ಕಟ್ಟಡದ ಎರಡು ಮನೆಗಳ ನ್ಯೂಟ್ರಲ್ (ಕರೆಂಟ್ ಹಿಂದಿರುಗುವ ವೈರ್) ಬೆರೆತಿದ್ದರೂ ಲೆಕ್ಕ ತಪ್ಪುತ್ತದೆ. ಮೇಸ್ತ್ರಿಗಳು ಇದನ್ನು ಸಣ್ಣ ವಿಷಯವೆಂದುಕೊಳ್ಳುವುದೇ ತೊಂದರೆ.

ಸೀಲ್ ಮುಟ್ಟಬೇಡಿ. ಬಿಲ್‌ನಲ್ಲಿರುವ ಆರ್‌ಆರ್ ನಂಬರ್ (ಸಂಪರ್ಕದ ಸಂಖ್ಯೆ), ಹಳೆಯ ಬಿಲ್‌ಗಳು ಮತ್ತು ಮಾಲೀಕರ ಒಪ್ಪಿಗೆ ಪತ್ರದೊಂದಿಗೆ ಮೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಮೀಟರ್ ಪರೀಕ್ಷೆಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ.

– ಓದುಗ, ಶಿವಮೊಗ್ಗ