ಕಥೆ ಬಾಕಿ ಇರಲಿ, ಆಡಿದವರ ಲೆಕ್ಕ ಬಾಕಿ ಬೇಡ

ಡೊಂಬಿವಿಲಿ, ಭಾನುವಾರ

ಚಿ. ಪುಟ್ಟಿಗೆ ಚಿಕ್ಕಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಕಥೆ ಬರೆದು ನಿಮ್ಮ ಆಫೀಸಿನವರು ಮಾಡುತ್ತಿರುವ ಗೇಮ್ ಕಳಿಸಿದ್ದೀಯಲ್ಲ, ಕೊನೆಯವರೆಗೂ ಆಡಿದೆ. ಕೋಟೆಯ ಒಳಬಾಗಿಲು ತೆರೆಯುತ್ತದೆ. ಬೆನ್ನು ಮಾಡಿ ಕೂತವನು ನಿಧಾನಕ್ಕೆ ಮುಖ ತಿರುಗಿಸುತ್ತಾನೆ. ಅಷ್ಟರಲ್ಲಿ ಪರದೆ ಕಪ್ಪು. 'ಎರಡನೇ ಭಾಗದಲ್ಲಿ ಭೇಟಿಯಾಗೋಣ' ಅಂತ ಅಕ್ಷರ. ನಾನು "ಅಯ್ಯೋ!" ಅಂದದ್ದು ಕೇಳಿ ನಿನ್ನ ಚಿಕ್ಕಮ್ಮ ಅಡುಗೆಮನೆಯಿಂದ "ಕರೆಂಟ್ ಹೋಯ್ತಾ?" ಅಂದಳು.

ಕಥೆಯನ್ನು ಹೀಗೆ ತುದಿಯಲ್ಲಿ ನಿಲ್ಲಿಸಿದರೆ ಆಡಿದವರಿಗೆ ಸಮಾಧಾನ ಆಗುತ್ತದಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅನ್ನುತ್ತಾ ಬೇರೆ ಕೆಲಸ ಮಾಡ್ತಿರ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಆಗುತ್ತದೆ, ಖಂಡಿತ ಆಗುತ್ತದೆ. ಆದರೆ ನೀವು ಈಗ ನಿಲ್ಲಿಸಿರುವ ಜಾಗದಲ್ಲಿ ಆಗುವುದಿಲ್ಲ.

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಕೂತು ಹಳೇ ಡಿಸ್ಕ್ ಕೊಂಡು ಮಾರುವವನಿಗೆ ಒಂದು ಅನುಕೂಲ ಇದೆ. ಗೇಮ್ ಮುಗಿಸಿದವರ ಮುಖ ನೋಡಲು ಸಿಗುತ್ತದೆ. ಒಬ್ಬ ಬಂದು "ಅಂಕಲ್, ಇಸ್ಕಾ ಪಾರ್ಟ್ ಟೂ ಆಯಾ ಕ್ಯಾ?" ಅನ್ನುತ್ತಾನೆ. ಇನ್ನೊಬ್ಬ ಡಿಸ್ಕನ್ನು ಕೌಂಟರಿನ ಮೇಲೆ ತಳ್ಳಿ "ಎಷ್ಟು ಕೊಡ್ತೀರಾ?" ಅನ್ನುತ್ತಾನೆ. ಇಬ್ಬರೂ ಆಡಿದ್ದು ಕೊನೆಯಲ್ಲಿ ತೂಗಿಬಿಟ್ಟ ಕಥೆಯನ್ನೇ. ಯಾವುದನ್ನು ತೂಗಿಬಿಟ್ಟಿದ್ದಾರೆ ಅನ್ನುವುದರಲ್ಲಿ ವ್ಯತ್ಯಾಸ ಇದೆ.

ಮಾಸ್ ಎಫೆಕ್ಟ್ ನೆನಪಿದೆಯಲ್ಲ, ಆ ಬಾಹ್ಯಾಕಾಶದ ಗೇಮ್? ದೀಪಾವಳಿ ರಜೆಗೆ ಬಂದಾಗ ನೀನು ಊಟ ಬಿಟ್ಟು ಆಡಿದ್ದೆ. 2010ರ ಎರಡನೇ ಭಾಗ ಹೇಗೆ ಮುಗಿಯುತ್ತದೆ ನೋಡು. ಗ್ಯಾಲಕ್ಸಿಯನ್ನೇ ನುಂಗಲು ಬರುತ್ತಿರುವ ರೀಪರ್‌ಗಳು ಇನ್ನೂ ದಾರಿಯಲ್ಲಿದ್ದಾರೆ. ದೊಡ್ಡ ಯುದ್ಧ ಶುರುವೇ ಆಗಿಲ್ಲ. ಆದರೂ ಅದನ್ನು ಆಡಿ ಬೇಜಾರಾಗಿ ಬಂದ ಗಿರಾಕಿಯನ್ನು ನಾನು ಕಂಡಿಲ್ಲ. ಯಾಕೆ? ಗೇಮ್ ಪೂರ್ತಿ ನಾವು ಮಾಡಿದ್ದು ಜನರನ್ನು ಕೂಡಿಹಾಕುವ ಕೆಲಸ. ಯಾರ ಮನೆ ಜಗಳ ಬಗೆಹರಿಸಿದೆವು, ಹಡಗಿಗೆ ಯಾವ ಕವಚ ಹಾಕಿಸಿದೆವು, ಕೊನೆಯ ದಾಳಿಯಲ್ಲಿ ಯಾರಿಗೆ ಯಾವ ಕೆಲಸ ಕೊಟ್ಟೆವು, ಇದರ ಮೇಲೆ ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ ಅಂತ ತೀರ್ಮಾನ ಆಗುತ್ತದೆ. ಮಾಡಿದ್ದಕ್ಕೆ ತಕ್ಕ ಫಲ ಕಣ್ಣೆದುರಿಗೇ ಬರುತ್ತದೆ. ಲೋಕದ ಕಥೆ ಬಾಕಿ, ನಮ್ಮ ಲೆಕ್ಕ ಚುಕ್ತಾ.

ಈಗ 2012ರ ಮೂರನೇ ಭಾಗ ತಗೋ. ಅಲ್ಲಿ ಏನೂ ತೂಗಿಬಿಟ್ಟಿಲ್ಲ. ಯುದ್ಧ ಮುಗಿಯಿತು, ಕಥೆಯೂ ಮುಗಿಯಿತು. ಆದರೆ ಎಷ್ಟು ಗಲಾಟೆ ಆಯ್ತು! ಮೂರು ಗೇಮ್‌ಗಳ ಉದ್ದಕ್ಕೂ ಆಡಿದವರು ತಗೊಂಡ ನೂರಾರು ತೀರ್ಮಾನಗಳು ಕೊನೆಗೆ ಬಣ್ಣ ಬದಲಾದ ಮೂರು ಸ್ಫೋಟಗಳಲ್ಲಿ ಕರಗಿಹೋದವು ಅಂತ ಜನ ರೇಗಿದರು. ಮಾರ್ಚ್‌ನಲ್ಲಿ ಬಂದ ಗೇಮ್‌ಗೆ ಜೂನ್‌ನಲ್ಲಿ ಕಂಪನಿಯವರು ಬಿಟ್ಟಿಯಾಗಿ ಹೆಚ್ಚುವರಿ ದೃಶ್ಯಗಳನ್ನು ಕೊಡಬೇಕಾಯಿತು. ಮುಗಿದ ಕಥೆಗೆ ಸಿಟ್ಟು, ಮುಗಿಯದ ಕಥೆಗೆ ಚಪ್ಪಾಳೆ. ಹಾಗಾಗಿ 'ಮುಗಿಸಬೇಕೋ ಬೇಡವೋ' ಅಂತ ನಿಮ್ಮ ಆಫೀಸಿನಲ್ಲಿ ಕಿತ್ತಾಡುವುದು ಸುಮ್ನೆ ಹೊತ್ತು ಹಾಳು.

ಸಿನಿಮಾ ನೋಡುವವನಿಗೂ ಆರ್‌ಪಿಜಿ, ಅಂದರೆ ತಾನೇ ಒಂದು ಪಾತ್ರವಾಗಿ ಕಥೆಯೊಳಗೆ ಓಡಾಡುವ ಇಂಥ ಗೇಮ್, ಆಡುವವನಿಗೂ ಇರುವ ಅಂತರವೇ ಇದು. ಸಿನಿಮಾದವನು ಎರಡೂವರೆ ಗಂಟೆ ಕೂತಿದ್ದ, ಅಷ್ಟೆ. ಇವನು ನಲವತ್ತು ಐವತ್ತು ಗಂಟೆ ದುಡಿದಿದ್ದಾನೆ. ಇಲಿ ಹೊಡೆದು, ಸೊಪ್ಪು ಕಿತ್ತು, ಕಾಸಿಗೆ ಕಾಸು ಕೂಡಿಸಿ ಕತ್ತಿ ಕೊಂಡಿದ್ದಾನೆ. ಸಂಬಳದ ದಿನ 'ಮುಂದಿನ ವರ್ಷ ಬಾ' ಅಂದರೆ ಯಾರು ಸುಮ್ಮನಿರುತ್ತಾರೆ?

ನೀನು ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳ ಮುಂಬಯಿಗೆ ಬಂದರೆ ಮಾಟುಂಗಾಕ್ಕೆ ಆಟ ನೋಡಲು ಕರ್ಕೊಂಡು ಹೋಗುತ್ತಿದ್ದೆ. ಅಭಿಮನ್ಯು ಕಾಳಗ ನೋಡಿ ಅತ್ತಿದ್ದು ಮರೆತಿರಲಾರೆ. ಆ ಪ್ರಸಂಗ ಎಲ್ಲಿ ನಿಲ್ಲುತ್ತದೆ? ಹದಿಮೂರನೇ ದಿನದ ಯುದ್ಧ. ಹುಡುಗ ಸತ್ತ. ನಾಳೆ ಸೂರ್ಯ ಮುಳುಗುವುದರೊಳಗೆ ಸೈಂಧವನನ್ನು ಕೊಲ್ಲುತ್ತೇನೆ, ಇಲ್ಲದಿದ್ದರೆ ಬೆಂಕಿಗೆ ಬೀಳುತ್ತೇನೆ ಅಂತ ಅರ್ಜುನ ಪ್ರತಿಜ್ಞೆ ಮಾಡುತ್ತಾನೆ. ಇದಕ್ಕಿಂತ ದೊಡ್ಡ ತುದಿ ಬೇಕಾ? ಸೈಂಧವ ವಧೆ ಬೇರೆಯೇ ಪ್ರಸಂಗ, ಇನ್ನೊಂದು ರಾತ್ರಿಯದು. ಆದರೂ ಭಾಗವತರು ಮಂಗಳ ಹಾಡಿದರೆ ಜನ ಎದ್ದು ಚಾ ಕುಡಿದು ಮನೆಗೆ ಹೋಗುತ್ತಿದ್ದರು. ಮೋಸ ಆಯ್ತು ಅಂತ ಯಾರೂ ಅನ್ನಲಿಲ್ಲ. ಮುಂದಿನ ಕಥೆ ಎಲ್ಲರಿಗೂ ಗೊತ್ತಲ್ಲ ಅನ್ನಬೇಡ, ಅದು ಅರ್ಧ ಕಾರಣ ಅಷ್ಟೆ. ಆ ರಾತ್ರಿ ಕೇಳಿದ ಪ್ರಶ್ನೆ ಒಂದೇ: ಒಳಗೆ ಹೋಗಲು ಗೊತ್ತು, ಹೊರಗೆ ಬರಲು ಗೊತ್ತಿಲ್ಲದ ಹುಡುಗ ಚಕ್ರವ್ಯೂಹದಲ್ಲಿ ಏನಾಗುತ್ತಾನೆ? ಅದಕ್ಕೆ ಉತ್ತರ ಸಿಕ್ಕಿತು. ಅರ್ಜುನನ ಪ್ರತಿಜ್ಞೆ ಆ ಉತ್ತರದಿಂದಲೇ ಹುಟ್ಟಿದ ಹೊಸ ಪ್ರಶ್ನೆ. ವ್ಯೂಹದ ಬಾಗಿಲಲ್ಲಿ ಅಭಿಮನ್ಯು ಬಿಲ್ಲು ಎತ್ತಿದಾಗಲೇ ಮಂಗಳ ಹಾಡಿದ್ದರೆ ಚೆಂಡೆಯವರ ಗತಿ ಏನಾಗುತ್ತಿತ್ತೋ!

ನಿಮ್ಮ ಕೋಟೆಯ ಬಾಗಿಲಲ್ಲಿ ಆಗಿರುವುದು ಅದೇ.

ಜಪಾನಿನವರು ಇದನ್ನು ಚೆನ್ನಾಗಿ ಮಾಡಿದ್ದಾರೆ. ಟ್ರೇಲ್ಸ್ ಇನ್ ದ ಸ್ಕೈ ನೀನೇ ನನಗೆ ಹಚ್ಚಿದ್ದು, ಹಾಗಾಗಿ ಗುಟ್ಟು ಬಿಟ್ಟುಕೊಟ್ಟ ಪಾಪ ನನಗೆ ಬರುವುದಿಲ್ಲ. 2004ರ ಆ ಗೇಮ್‌ನಲ್ಲಿ ಎಸ್ಟೆಲ್ ಮತ್ತು ಜೋಶುವಾ ಊರೂರು ತಿರುಗಿ ಕೆಲಸ ಕಲಿಯುತ್ತಾರೆ. ಕೊನೆಗೆ ರಾಜಧಾನಿಯ ಬಂಡಾಯ ಮುರಿಯುತ್ತಾರೆ, ಇಬ್ಬರಿಗೂ ಪೂರ್ತಿ ಬ್ರೇಸರ್ ಪದವಿ, ಅಂದರೆ ಜನರನ್ನು ಕಾಯುವ ಕೆಲಸದ ಪದವಿ, ಸಿಗುತ್ತದೆ. ನಾವು ಹೊರಟ ಕೆಲಸ ಆಯಿತು. ಆಮೇಲೆ ಆ ರಾತ್ರಿ ಜೋಶುವಾ ತಾನು ಯಾರು ಅಂತ ಹೇಳಿ, ಅವಳಿಗೆ ನಿದ್ದೆ ಬರಿಸಿ ಹೊರಟುಹೋಗುತ್ತಾನೆ. ಎದೆ ಒಡೆಯುತ್ತದೆ, ಆದರೆ ಸಿಟ್ಟು ಬರುವುದಿಲ್ಲ. ಜಪಾನಿನಲ್ಲಿ ಮುಂದಿನ ಭಾಗ 2006ರಲ್ಲೇ ಬಂತು. ಇಂಗ್ಲಿಷಿನಲ್ಲಿ ಆಡುವ ನಮ್ಮಂಥವರ ಪಾಡು ಬೇರೆ: ಮೊದಲನೆಯದು 2011ರಲ್ಲಿ, ಎರಡನೆಯದು 2015ರಲ್ಲಿ. ಅಷ್ಟು ವರ್ಷ ಜನ ಬೈದದ್ದು ತಡವಾಗಿದ್ದಕ್ಕೆ. ಕಥೆಯನ್ನು ಯಾರೂ ಬೈಯಲಿಲ್ಲ.

ಗೋಲ್ಡನ್ ಸನ್ ನಿನ್ನ ಕಾಲದ್ದಲ್ಲ. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್ ಯಂತ್ರದ 2001ರ ಆಟ. ಅದೂ ಅರ್ಧ ಕಥೆಯೇ, ಹೊತ್ತಿಸಬೇಕಾದ ದೀಪಸ್ತಂಭಗಳು ಇನ್ನೂ ಬಾಕಿ ಇರುವಾಗಲೇ ನಿಲ್ಲುತ್ತದೆ. ಆದರೆ ನೀನು ಗಳಿಸಿದ್ದನ್ನೆಲ್ಲ ಎರಡನೇ ಭಾಗಕ್ಕೆ ಒಯ್ಯಬಹುದಿತ್ತು. ಎರಡು ಯಂತ್ರ ಜೋಡಿಸುವ ಕೇಬಲ್ ಇಲ್ಲದವರಿಗೆ ಪಾಸ್‌ವರ್ಡ್, ಎಲ್ಲವನ್ನೂ ಒಯ್ಯಬೇಕೆಂದರೆ 260 ಅಕ್ಷರ! ಒಂದಕ್ಷರ ತಪ್ಪಿದರೂ ಕೆಲಸ ಕೆಟ್ಟಿತು. ಹುಡುಗರು ಲೆಕ್ಕದ ನೋಟ್‌ಬುಕ್ಕಿನ ಹಿಂದೆ ಸಾಲು ಹಾಕಿ, ಬೆರಳಿಟ್ಟು ತಾಳೆ ನೋಡಿ ಬರೆದುಕೊಳ್ಳುತ್ತಿದ್ದರು. ದುಡಿದದ್ದು ದಂಡವಾಗುವುದಿಲ್ಲ ಅನ್ನುವ ನಂಬಿಕೆ ಇದ್ದರೆ ಮನುಷ್ಯ ಎಷ್ಟು ಬೇಕಾದರೂ ಕಾಯುತ್ತಾನೆ. ಅದೇ ಸರಣಿಯ ಮೂರನೆಯದು, ಡಾರ್ಕ್ ಡಾನ್, 2010ರಲ್ಲಿ ಬಂತು. ಅದನ್ನೂ ತುದಿಯಲ್ಲೇ ನಿಲ್ಲಿಸಿದರು. ನಾಲ್ಕನೆಯದು ಬರಲೇ ಇಲ್ಲ.

ನಿಮ್ಮ ಬಾಸ್‌ಗೆ ಮುಖ್ಯವಾಗಿ ಹೇಳಬೇಕಾದದ್ದು ಈ ಕೊನೆಯ ವಾಕ್ಯ. ಕುತೂಹಲ ಉಳಿಸಿದರೆ ಎರಡನೇ ಭಾಗ ತಾನಾಗಿ ಮಾರಾಟವಾಗುತ್ತದೆ ಅಂತ ಅವರ ವಾದ ಅಲ್ವಾ? ದೊಡ್ಡವರಿಗೆ ನಡೆಯುತ್ತದೆ. ಫೈನಲ್ ಫ್ಯಾಂಟಸಿ ಸೆವೆನ್ ರೀಮೇಕ್ 2020ರಲ್ಲಿ ಬಂತು. 1997ರ ಹಳೇ ಗೇಮ್ ಮೂರು ಡಿಸ್ಕಿನದು, ಅದರ ಮೊದಲ ಕೆಲವು ಗಂಟೆಗಳ ಮಿಡ್‌ಗಾರ್ ನಗರದ ಭಾಗವನ್ನಷ್ಟೇ ಹಿಗ್ಗಿಸಿ ಒಂದು ಪೂರ್ತಿ ಗೇಮ್ ಮಾಡಿದರು. ಹೆಸರಿನಲ್ಲಿ 'ಮೊದಲ ಭಾಗ' ಅನ್ನುವ ಮಾತೇ ಇಲ್ಲ. ಗೊಣಗಿದವರಿದ್ದರು, ಆದರೂ ನಡೆಯಿತು. 2024ರಲ್ಲಿ ಎರಡನೆಯದೂ ಬಂತು. ಅವರ ಹತ್ತಿರ ದುಡ್ಡಿದೆ. ಶೆನ್ಮೂ ಸರಣಿಗೆ ಏನಾಯಿತು? 2001ರಲ್ಲಿ ಎರಡನೆಯದನ್ನು ಗುಹೆಯೊಳಗೆ ನಿಲ್ಲಿಸಿದರು. ಮೂರನೆಯದು ಬಂದದ್ದು 2019ರಲ್ಲಿ, ಅದೂ ಅಭಿಮಾನಿಗಳು ಚಂದಾ ಹಾಕಿದ ಮೇಲೆ. ಅಲ್ಲಿಯೂ ಕಥೆ ಮುಗಿಯಲಿಲ್ಲ. ನಿಮ್ಮ ಪುಣೆಯಲ್ಲೇ ಮಾಡಿದ 'ರಾಜಿ' ಅನ್ನುವ ಗೇಮ್ ಇದೆಯಲ್ಲ, 2020ರದ್ದು, ಅದು ಆರ್‌ಪಿಜಿ ಅಲ್ಲ, ಆದರೂ ನೋಡು. ತೊಗಲುಗೊಂಬೆಯ ನೆರಳಿನಂಥ ದೃಶ್ಯಗಳು, ದುರ್ಗೆ ಮತ್ತು ವಿಷ್ಣುವಿನ ಮಾತುಕತೆಯಲ್ಲಿ ಕಥೆ. ಎಲ್ಲರೂ ಅದರ ಚಂದವನ್ನು ಹೊಗಳಿದರು. ಕಥೆ ಥಟ್ಟನೆ ನಿಂತುಹೋಯಿತು ಅನ್ನುವ ದೂರೂ ಜೊತೆಗೇ ಬಂತು. ಅಷ್ಟು ಚಂದದ ಕೆಲಸಕ್ಕೇ ಆ ಮಾತು ತಪ್ಪಲಿಲ್ಲ.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ನಿನ್ನ ಅಂಬಿಗರ ಹುಡುಗಿ ಮೊದಲ ದೃಶ್ಯದಲ್ಲೇ ಕೇಳುತ್ತಾಳೆ: ಆ ರಾತ್ರಿ ಕೆರೆಯ ತೂಬು ತೆಗೆದವರು ಯಾರು? ಇಡೀ ಗೇಮ್ ಆ ಪ್ರಶ್ನೆಯ ಹಿಂದೆ ಓಡುತ್ತದೆ. ಬೆನ್ನು ಮಾಡಿ ಕೂತವನ ಮುಖ ತೋರಿಸಿಬಿಡು. ತೂಬು ತೆಗೆದವನು ಇವನೇ. ಅವನ ಬಾಯಿಂದ ಒಪ್ಪಿಸು. ಬೇಕಾದರೆ ಹೊಡೆದಾಟ ಇಡು, ಕ್ಷಮಿಸುವ ದಾರಿಯನ್ನೂ ಇಡು. ಆಮೇಲೆ ಅವನ ಸೊಂಟದಲ್ಲಿ ಒಂದು ಓಲೆ ಸಿಗಲಿ, ಅದರಲ್ಲಿ ಅವಳ ಅಪ್ಪನ ಕೈಬರಹ ಇರಲಿ. ಅಲ್ಲಿ ನಿಲ್ಲಿಸು. ಯಾರು ಅನ್ನುವುದು ಇತ್ಯರ್ಥ ಆಯಿತು, ಯಾರ ಮಾತಿಗೆ ಅನ್ನುವುದು ತೂಗಲಿ. ಆಗ ಬೇಕಾದರೆ ನಾನೂ ಇನ್ನೊಂದು ಸಲ "ಅಯ್ಯೋ" ಅನ್ನುತ್ತೇನೆ, ಖುಷಿಯಿಂದ.

ಇನ್ನೊಂದು ವಿಷಯ, ನನಗೆ ಇದು ಜಾಸ್ತಿ ಚುಚ್ಚಿತು. ನಡುವೆ ಬಿತ್ತನೆ ಭತ್ತ ಯಾರಿಗೆ ಕೊಡಬೇಕು ಅಂತ ಕೇಳುತ್ತೀರಿ, ದೋಣಿಘಟ್ಟದವರಿಗೋ ಕುಂಬಾರಕೇರಿಗೋ. ನಾನು ಎಷ್ಟೋ ಹೊತ್ತು ಕೂತು ಯೋಚಿಸಿ ಕುಂಬಾರಕೇರಿಗೆ ಕೊಟ್ಟೆ. ಆ ಮುದುಕಿ ಮೂಟೆಯ ಬಾಯಿ ಬಿಚ್ಚಿ ಒಂದು ಕಾಳು ಕಚ್ಚಿ ನೋಡುತ್ತಾಳಲ್ಲ, ಅದನ್ನು ಬರೆದವಳು ನೀನೇ ಅಂತ ನೋಡಿದ ಕೂಡಲೇ ಗೊತ್ತಾಯಿತು. ಆಮೇಲೆ ಅವಳು ಕಾಣಿಸಲೇ ಇಲ್ಲ. ಬೆಳೆ ಬಂತಾ? ದೋಣಿಘಟ್ಟದವರು ಉಪವಾಸ ಬಿದ್ದರಾ? ನಾನು ಕೊಟ್ಟಿದ್ದು ಸರಿಯಾಯಿತಾ? ಕೋಟೆಯಲ್ಲಿ ಕೂತವನ ಮುಖಕ್ಕಿಂತ ನನಗೆ ಇದೇ ಮುಖ್ಯವಾಗಿತ್ತು.

ದುಡ್ಡಿಲ್ಲ, ಹೊಸ ದೃಶ್ಯ ಮಾಡುವಂತಿಲ್ಲ ಅನ್ನುತ್ತಾರೆ ಬಾಸ್. ಒಪ್ಪೋಣ. 1997ರ ಫಾಲೌಟ್ ಗೇಮ್ ಇದಕ್ಕೆ ಅಗ್ಗದ ದಾರಿ ತೋರಿಸಿದೆ. ಕೊನೆಯಲ್ಲಿ ಒಂದೊಂದು ಊರಿಗೆ ಒಂದೊಂದು ಚಿತ್ರ, ಹಿಂದೆ ಒಂದು ದನಿ, ನೀನು ಹೋದ ಮೇಲೆ ಆ ಊರಿಗೆ ಏನಾಯಿತು ಅಂತ ನಾಲ್ಕೈದು ವಾಕ್ಯ, ಅಷ್ಟೇ. ನಿಮ್ಮಲ್ಲಿ ದೋಣಿಘಟ್ಟದ ಚಿತ್ರ ಇದೆ, ಕುಂಬಾರಕೇರಿಯದೂ ಇದೆ. ಬೆಳಕು ಬದಲಿಸಿದರೆ ಸಾಕು, ಸುಗ್ಗಿಯ ಹೊತ್ತಾಗುತ್ತದೆ. ಮಾತು ನೀನೇ ಬರೆಯುತ್ತೀಯ. ಓಲೆಯ ದೃಶ್ಯ ಈ ಚಿತ್ರಗಳ ನಂತರ ಬರಲಿ, ಮೊದಲು ಬೇಡ. ಮೊದಲು ಬಂದರೆ ಯಾರ ಗಮನವೂ ಕುಂಬಾರಕೇರಿಯ ಮೇಲೆ ನಿಲ್ಲುವುದಿಲ್ಲ.

ಬಾಸ್ ಜೊತೆ ಜಗಳ ಮಾಡಬೇಡ. ನೀನು ಹೊಸಬಳು, ಅವರು ಸಾಲ ತಗೊಂಡು ಕೂತವರು, ಅವರ ಭಯ ಸುಳ್ಳಲ್ಲ. ಎರಡೂ ಕೊನೆಗಳನ್ನು ಇಟ್ಟುಕೊಂಡು ಆಫೀಸಿನವರಲ್ಲದ ಒಂದಿಷ್ಟು ಜನರಿಗೆ ಆಡಲು ಕೊಡಿ. ಹೇಗಿತ್ತು ಅಂತ ನೀನಾಗಿ ಕೇಳಬೇಡ, ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಪರದೆ ಕಪ್ಪಾದ ಮೇಲೆ ಅವರು ತಾವಾಗಿ ಕೇಳುವ ಮೊದಲ ಪ್ರಶ್ನೆ ಬರೆದುಕೋ. 'ಮುಂದೇನು' ಅಂದರೆ ಗೆದ್ದಿರಿ. 'ಅದೇನಾಯ್ತು' ಅಂದರೆ ಏನೋ ಬಾಕಿ ಉಳಿಸಿದ್ದೀರಿ ಅಂತ ಅರ್ಥ. ಬಾಸ್ ಕಿವಿಯಾರೆ ಕೇಳಲಿ, ಆಗ ನೀನು ವಾದ ಮಾಡಬೇಕಾಗಿಯೇ ಇಲ್ಲ.

ರಾತ್ರಿಯೆಲ್ಲ ಆಫೀಸಿನಲ್ಲಿ ಕೂರಬೇಡ, ನಿಮ್ಮಪ್ಪ ನನಗೆ ಫೋನ್ ಮಾಡಿ ಬೈಯುತ್ತಾನೆ. ಕುಂಬಾರಕೇರಿಯ ನಾಲ್ಕು ವಾಕ್ಯ ಬರೆದ ಕೂಡಲೇ ಕಳಿಸು, ಓದುತ್ತೇನೆ. 'ಎರಡನೇ ಭಾಗದಲ್ಲಿ ಭೇಟಿಯಾಗೋಣ' ಅನ್ನುವ ಸಾಲನ್ನು ಮಾತ್ರ ಈಗಲೇ ತೆಗೆಸು. ಎರಡನೇ ಭಾಗಕ್ಕೆ ದುಡ್ಡು ಬ್ಯಾಂಕಿಗೆ ಬಂದ ಮೇಲೆ ಹಾಕಿದರಾಯಿತು.

ಇಂತಿ ನಿನ್ನ
ಚಿಕ್ಕಪ್ಪ