ಮೊನ್ನೆ ಲೈನ್ ಕಟ್ಟಾಗಿದ್ದಲ್ಲ

ಪುಟ್ಟೀ,

ಮೊನ್ನೆ ಫೋನ್ ಕುಕ್ಕಿದ್ದು ನಾನೇ. ಲೈನ್ ಕಟ್ಟಾಯ್ತು ಅಂತ ನಿಮ್ಮಮ್ಮನಿಗೆ ಹೇಳಿದೆ, ನಂಬಲಿಲ್ಲ. ಕೈತುಂಬಾ ಸಂಬಳದ ಕೆಲಸ ಬಿಟ್ಟು ಆಸ್ಟ್ರೇಲಿಯಾದ ಪಾಮ್ ಐಲೆಂಡಿನ ಮೂಲನಿವಾಸಿ ಹಿರಿಯರ ಕಥೆ ಬರೆದುಕೊಳ್ಳೋಕೆ ಹೋಗ್ತೀನಿ ಅಂದರೆ ಯಾವ ಅಪ್ಪನ ಎದೆ ಧಸಕ್ ಅನ್ನಲ್ಲ ಹೇಳು. ಆದರೆ "ಯಾರೋ ಸತ್ತವರ ಕಥೆ ಕಟ್ಟಿಕೊಂಡು ನಿಂಗೇನಾಗಬೇಕು" ಅಂದೆನಲ್ಲ, ಅದು ತಪ್ಪು.

ನೀನು ಕಳಿಸಿದ್ದನ್ನು ಆಮೇಲೆ ಕೂತು ಓದಿದೆ. 1883ರಲ್ಲಿ ಕನಿಂಗ್‌ಹ್ಯಾಮ್ ಅನ್ನೋನು ಆ ಕಡೆಯ ದ್ವೀಪಗಳಿಂದ ಒಂಬತ್ತು ಜನರನ್ನು ಅಮೆರಿಕಕ್ಕೆ ಸಾಗಿಸಿ, ನರಭಕ್ಷಕರು ಅಂತ ಬಾರ್ನಮ್ ಸರ್ಕಸ್ಸಿನಲ್ಲಿ ತೋರಿಸಿದ. ಮರುವರ್ಷ ಕ್ಲೀವ್‌ಲ್ಯಾಂಡಿನಲ್ಲಿ ಅವರಲ್ಲೊಬ್ಬ, ಟಾಂಬೋ, ತೀರಿಕೊಂಡ. ಜೊತೆಯವರು ಪಕ್ಕದಲ್ಲೇ ಇದ್ದರೂ ಮಣ್ಣು ಮಾಡೋಕಾಗಲಿಲ್ಲ. ಶವಕ್ಕೆ ಮದ್ದು ಹಾಕಿ, ಕಾಸು ಕೊಟ್ಟು ನೋಡೋ ಮ್ಯೂಸಿಯಂನಲ್ಲಿ ಇಟ್ಟರು. 1993ರಲ್ಲಿ ಅದೇ ಊರಿನ ಒಂದು ನೆಲಮಾಳಿಗೆಯಲ್ಲಿ ಸಿಕ್ಕ. ಅವನ ಕಡೆಯವರೇ ಅಲ್ಲಿಗೆ ಹೋಗಿ ಕರೆತಂದು, 1994ರ ಫೆಬ್ರವರಿಯಲ್ಲಿ ದ್ವೀಪದ ಮಣ್ಣಿಗೆ ಸೇರಿಸಿದರು. ಸತ್ತು 110 ವರ್ಷಕ್ಕೆ.

ಅದನ್ನು ಓದಿದಾಗಿನಿಂದ ಹೈದರಾಬಾದಿನ ಮ್ಯೂಸಿಯಮ್ಮೇ ತಲೆಯಲ್ಲಿ ಸುತ್ತುತ್ತಿದೆ. ನಿಂಗಾಗ ಆರು ವರ್ಷ. ಈಜಿಪ್ಟಿನ ಮಮ್ಮಿ ನೋಡೋಕೆ ನಾನೇ ನಿನ್ನನ್ನು ಎತ್ತಿ ಹಿಡಿದಿದ್ದೆ. ಗಾಜಿನ ಮೇಲೆ ನಿನ್ನ ಮೂಗಿನ ಗುರುತು, ಅದರಾಚೆ ಬಟ್ಟೆ ಸುತ್ತಿದ ಪುಟ್ಟ ದೇಹ. "ಅಪ್ಪಾ, ಇವಳು ಇಲ್ಲಿದಾಳೆ ಅಂತ ಇವಳ ಅಮ್ಮಂಗೆ ಗೊತ್ತಾ?" ಅಂದೆ. ನಾನು ನಕ್ಕೆ. ಅಲ್ಲಿಗೇ ಬಿಟ್ಟಿದ್ದರೆ ಪರವಾಗಿರಲಿಲ್ಲ. ಮದುವೆ, ಮುಂಜಿ, ಹೋದಲ್ಲೆಲ್ಲ ಜೋಕು ಮಾಡಿ ಹೇಳಿದೆ, ನೀನು ಎದ್ದು ಒಳಗೆ ಹೋಗ್ತಿದ್ದೆ. ಮಗು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಇವತ್ತಿನವರೆಗೂ ಕೊಟ್ಟಿಲ್ಲ. ಆಗ ನಾನು ಗಾರ್ಡ್ ಹತ್ತಿರ ಫೋಟೋ ತೆಗೀಬಹುದಾ ಅಂತ ವಿಚಾರಿಸ್ತಿದ್ದೆ!

ಹೋಗು. ಒಂದೇ ಮಾತು. ಹೋದ ದಿನವೇ ರೆಕಾರ್ಡರ್ ಮುಂದೆ ಹಿಡಿಯಬೇಡ. ಸುಮ್ನೆ ಕೂತು ಟೀ ಕುಡಿ. ಸತ್ತವರ ಹೆಸರು ಹೇಳೋದು, ಫೋಟೋ ತೋರಿಸೋದು ಅಲ್ಲಿ ಎಷ್ಟೋ ಮನೆಗಳಲ್ಲಿ ನಿಷಿದ್ಧವಂತೆ, ಕೇಳಿ ನಡೆದುಕೋ. ನೀನು ಬರೆದುಕೊಂಡೆ ಅಂತ ಕಥೆ ನಿನ್ನದಾಗಲ್ಲ, ಬೇಡ ಅಂದರೆ ಹರಿದು ಹಾಕಬೇಕು, ಮೊದಲ ಪ್ರತಿ ಅವರ ಕೈಗೇ... ನೋಡು, ಭಾಷಣ ಶುರುವಾಯ್ತು. ಇದೆಲ್ಲ ನಿಂಗೆ ನಂಗಿಂತ ಜಾಸ್ತಿ ಗೊತ್ತು ಅಲ್ವಾ.

ಸಂಬಳದ ಚಿಂತೆ ಹೋಗಿಲ್ಲ, ಅದು ಬೇರೆ. ಟೌನ್ಸ್‌ವಿಲ್‌ನಿಂದ ಫೆರಿಯಲ್ಲಿ ಹೋಗ್ಬೇಕು ಅಂದೆಯಲ್ಲ, ಚಾರ್ಮಾಡಿ ಘಾಟಿಯಲ್ಲೇ ವಾಂತಿ ಮಾಡೋಳು ನೀನು. ನಿಂಬೆಹಣ್ಣು ಇಟ್ಟುಕೋ. ತಲುಪಿದ ಮೇಲೆ ಅಮ್ಮನಿಗೇ ಫೋನ್ ಮಾಡು, ನಾನು ಪಕ್ಕದಲ್ಲೇ ಇರ್ತೀನಿ.

ಅಪ್ಪ