ತಬ್ಬಲಿ ಮಕ್ಕಳನ್ನು ನೇರವಾಗಿ ನಮ್ಮ ಹಾಸ್ಟೆಲುಗಳಿಗೆ ಕಳಿಸಬೇಡಿ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮುಂಗಾರಿಗೆ ಮುಂಚಿನ ವಿಪತ್ತು ನಿರ್ವಹಣಾ ಸಭೆಯಲ್ಲಿ ಜೆಸಿಬಿ, ಮರ ಕುಯ್ಯುವ ಯಂತ್ರ, ಸಂತ್ರಸ್ತರು ತಂಗುವ ಕಾಳಜಿ ಕೇಂದ್ರ ಎಲ್ಲದರ ಲೆಕ್ಕವೂ ಬರುತ್ತದೆ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಗು ಕಾಳಜಿ ಕೇಂದ್ರಕ್ಕೆ ಬಂದರೆ ಆ ರಾತ್ರಿ ಯಾರು, ಏನು ಬರೆದುಕೊಳ್ಳಬೇಕು ಎಂಬುದೂ ಆ ಲೆಕ್ಕಕ್ಕೆ ಸೇರಲಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜಾರಿದ್ದವು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಅಲ್ಲಿನದೂ ನಮ್ಮಂಥದೇ ತೋಟ, ತೋಟದ ಕಾರ್ಮಿಕರ ನಮ್ಮಂಥದೇ ಲೈನ್ ಮನೆ.

ಇದನ್ನು ಬರೆಯುತ್ತಿರುವ ನಾವು ಚರ್ಚುಗಳಲ್ಲಿ ಮಕ್ಕಳ ಕೆಲಸ ಮಾಡುವವರು. ಆಪತ್ತು ಬಂದಾಗ ನಮ್ಮವರು ಸಭಾಂಗಣ, ಹಾಸ್ಟೆಲು ತೆರೆದುಕೊಡುತ್ತಾರೆ, ಅದು ಒಳ್ಳೆಯದೇ. ಮಕ್ಕಳನ್ನೂ ಅದೇ ಧಾವಂತದಲ್ಲಿ ಕರೆತಂದು ಇಟ್ಟುಕೊಳ್ಳುವುದು ಮಾತ್ರ ಸರಿಯಲ್ಲ. 2010ರ ಭೂಕಂಪದ ನಂತರ ಹೈಟಿಯಿಂದ 33 ಮಕ್ಕಳನ್ನು ಕಾಗದಪತ್ರವಿಲ್ಲದೆ ಗಡಿ ದಾಟಿಸಲು ಹೊರಟಿದ್ದ ಅಮೆರಿಕದ 10 ಮಂದಿ ಬ್ಯಾಪ್ಟಿಸ್ಟರು ಬಂಧನಕ್ಕೊಳಗಾದರು. ಆ ಮಕ್ಕಳಲ್ಲಿ ಹೆಚ್ಚಿನವರ ಹೆತ್ತವರು ಬದುಕಿದ್ದರು. ಭಕ್ತಿಗೆ ಕೊರತೆಯಿರಲಿಲ್ಲ, ಮಕ್ಕಳು ಯಾರವರೆಂದು ವಿಚಾರಿಸುವುದಕ್ಕಿತ್ತು.

ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಇಂಥ ಮಗು ಸಿಕ್ಕ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಘಾಟಿ ರಸ್ತೆ ಮುಚ್ಚಿದ ದಿನ ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಬರುವುದು ಹೇಗೆ? ಸಮಿತಿ ಸೇರದ ವೇಳೆ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಲು ಅವಕಾಶವಿದೆ. ಯಾವ ಸದಸ್ಯರು ಯಾವ ಭಾಗಕ್ಕೆ ಸಿಗುತ್ತಾರೆ ಎಂಬ ಪಟ್ಟಿಯನ್ನು ಮಕ್ಕಳ ಸಹಾಯವಾಣಿ 1098ರ ಜೊತೆಗೆ ಪ್ರತಿ ಕಾಳಜಿ ಕೇಂದ್ರದ ಗೋಡೆಗೆ ಅಂಟಿಸಿಸಿ. ತಾತ್ಕಾಲಿಕ ವಸತಿಗೆ ತಕ್ಕ ಸ್ಥಳಗಳಿಗೆ ಸಮಿತಿಯ ಮಾನ್ಯತೆ ಮೇ ತಿಂಗಳಲ್ಲೇ ಮುಗಿಯಲಿ. ಶಾಲಾ ಹಾಸ್ಟೆಲು ಎಂಬ ಮಾತ್ರಕ್ಕೆ ಅದು ನೋಂದಾಯಿತ ಮಕ್ಕಳ ಪಾಲನಾ ಸಂಸ್ಥೆಯಾಗುವುದಿಲ್ಲ. ಇದು ನಮ್ಮ ಫಾದರ್, ಪಾಸ್ಟರುಗಳಿಗೂ ಗೊತ್ತಾಗಲಿ.

ಹೆಚ್ಚು ಎಡವುವುದು ಮೊದಲ ಒಂದು ಗಂಟೆಯಲ್ಲಿ. ಹಸುಗೂಸನ್ನು ತಂದುಕೊಟ್ಟವರು ಅದೇ ಜೀಪಿನಲ್ಲಿ ವಾಪಸು ಹೊರಟುಬಿಡುತ್ತಾರೆ. ಮಗು ಯಾವ ಲೈನಿನ, ಎಷ್ಟನೇ ಮನೆಯ ಹತ್ತಿರ ಸಿಕ್ಕಿತು ಎಂಬುದೂ ಅವರೊಂದಿಗೇ ಹೋಗುತ್ತದೆ. ಅವರನ್ನು ನಿಲ್ಲಿಸಿ ಹೆಸರು, ಫೋನು, ಜಾಗ, ಸಮಯ ಬರೆದುಕೊಳ್ಳಬೇಕು. ಮುಖದ್ದೊಂದು, ಬಂದ ಬಟ್ಟೆಯಲ್ಲೇ ಪೂರ್ತಿ ಮೈಯದೊಂದು ಫೋಟೊ ಕಡತಕ್ಕೆ ಬೇಕು. ಹೊಸ ಬಟ್ಟೆ ತೊಡಿಸುವ ಉತ್ಸಾಹದಲ್ಲಿ ಹಳೆಯದನ್ನು ಎಸೆಯುತ್ತಾರೆ. ಅಂಗಿ, ಉಡಿದಾರ, ಕಾಲ್ಗೆಜ್ಜೆ, ತಾಯಿತ ಎಲ್ಲವನ್ನೂ ಚೀಟಿ ಹಚ್ಚಿದ ಚೀಲದಲ್ಲಿ ಇಡಬೇಕು. ಅಜ್ಜಿ ಗುರುತು ಹಿಡಿಯುವುದು ಅದರಿಂದಲೇ.

ನಾಲ್ಕು ವರ್ಷದ ಮಗುವನ್ನು ಅಪ್ಪನ ಹೆಸರೇನು ಎಂದು ಕೇಳಿದರೆ ‘ಅಪ್ಪ’ ಎನ್ನುತ್ತದೆ. ಅಮ್ಮ ಅಪ್ಪನನ್ನು ಏನೆಂದು ಕೂಗುತ್ತಿದ್ದಳು, ಹಬ್ಬಕ್ಕೆ ಯಾರ ಮನೆಗೆ ಹೋಗುತ್ತಿದ್ದಿರಿ, ಬಸ್ಸೋ ರೈಲೋ, ಅಲ್ಲಿ ಮನೆ ಹತ್ತಿರ ಏನಿದೆ ಎಂದು ಕೇಳಬೇಕು. ಉತ್ತರವನ್ನು ತಿದ್ದದೆ, ಅದು ಹೇಳಿದ ಹಾಗೆಯೇ ಬರೆಯಬೇಕು. ಅಸ್ಸಾಮಿನಿಂದಲೋ ತಮಿಳುನಾಡಿನಿಂದಲೋ ಬಂದ ಕಾರ್ಮಿಕರ ಮಕ್ಕಳಾದರೆ ಭಾಷೆ ಬಲ್ಲವರು ಜೊತೆಗಿರಬೇಕು. ತೋಟದ ಹಾಜರಿ ಪುಸ್ತಕ, ಅಂಗನವಾಡಿ ದಾಖಲೆ, ಮೇಸ್ತ್ರಿಯ ಫೋನು, ಈ ಮೂರರಲ್ಲಿ ಬಂಧುಗಳ ಸುಳಿವು ಸಿಗುವುದುಂಟು. ಅಣ್ಣ ತಂಗಿಯರನ್ನು ಯಾವ ಕಾರಣಕ್ಕೂ ಬೇರೆ ಬೇರೆ ಕಡೆ ಕಳಿಸಕೂಡದು.

ದತ್ತು ಈ ಹಂತದ ಮಾತೇ ಅಲ್ಲ. ‘ತಬ್ಬಲಿ ಮಗುವಿದೆ, ಬೇಕಾದವರು ಸಂಪರ್ಕಿಸಿ’ ಎಂಬ ವಾಟ್ಸಾಪ್ ಸಂದೇಶ ಕಂಡರೆ ಪೊಲೀಸರಿಗೆ ಒಪ್ಪಿಸಬೇಕು, ಅಷ್ಟೇ. ಈಗ ದತ್ತು ಆದೇಶಕ್ಕೆ ಸಹಿ ಹಾಕುವವರೂ ತಾವೇ ಆಗಿರುವುದರಿಂದ ವಿವರಿಸಬೇಕಿಲ್ಲ.

ಬಂಧು ಸಿಕ್ಕ ಮೇಲಿನ ಕೆಲಸವೇ ದೊಡ್ಡದು. ರಾಜ್ಯ ವಿಪತ್ತು ಪರಿಹಾರ ನಿಧಿಯ (ಎಸ್‌ಡಿಆರ್‌ಎಫ್) ಮಾನದಂಡದಂತೆ ಒಬ್ಬರ ಸಾವಿಗೆ 4 ಲಕ್ಷ ಪರಿಹಾರ. ಇಬ್ಬರೂ ಹೋಗಿದ್ದರೆ 8 ಲಕ್ಷ. ವರ್ಷಗಟ್ಟಲೆ ಇತ್ತ ತಲೆಹಾಕದ ನೆಂಟರೂ ಆಗ ಬಂದಾರು. ಹಣ ಮಗುವಿನ ಹೆಸರಲ್ಲಿ 18 ತುಂಬುವವರೆಗೆ ಠೇವಣಿಯಾಗಲಿ, ಖರ್ಚಿಗೆ ಬಡ್ಡಿ ಮಾತ್ರ ಸಿಗಲಿ. ತೀರಿಕೊಂಡವರ ಜಮೀನು ವಾರಸುದಾರರಿಗೆ ಬದಲಾಗುವ ಪೌತಿ ಖಾತೆಯಲ್ಲಿ ಮಗುವಿನ ಹೆಸರು ಬಿಟ್ಟುಹೋಗದಂತೆ ವಂಶವೃಕ್ಷವನ್ನು ನಾಡಕಚೇರಿಯಲ್ಲಿ ಎರಡು ಸಲ ನೋಡಿಸಿ. ಎಲ್ಲೆಕಲ್ಲು ಸರಿಸಿ ತಬ್ಬಲಿಗಳ ಹೊಲಕ್ಕೆ ಕಾಲಿಡುವವರನ್ನು ಬೈಬಲ್ಲಿನ ಜ್ಞಾನೋಕ್ತಿಗಳ ಗ್ರಂಥ ಸುಮ್ಮನೆ ಎಚ್ಚರಿಸಿಲ್ಲ. ಇನ್ನು ಶವ ಸಿಗದಿದ್ದರೆ ಮರಣ ಪತ್ರವಿಲ್ಲ, ಪತ್ರವಿಲ್ಲದಿದ್ದರೆ ಮುಂದಿನದೆಲ್ಲ ಅಲ್ಲೇ ನಿಲ್ಲುತ್ತದೆ. ಕಾಣೆಯಾದವರು ಸತ್ತರೆಂದು ಕಾನೂನು ಭಾವಿಸುವ ಏಳು ವರ್ಷದವರೆಗೆ ಕಾಯಿಸದೆ, 2013ರ ಉತ್ತರಾಖಂಡ ಪ್ರವಾಹದ ನಂತರ ಮಾಡಿದಂತೆ ವಿಶೇಷ ಕ್ರಮಕ್ಕೆ ಸರ್ಕಾರವನ್ನು ಕೂಡಲೇ ಕೋರಬೇಕು.

ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಮರಣ ಪತ್ರ, ಆಧಾರ್, ಬ್ಯಾಂಕ್ ಖಾತೆ ಹೊಂದಿಸಿ ಮಂಜೂರಾಗುವಷ್ಟರಲ್ಲಿ ಮಗುವನ್ನು ಇಟ್ಟುಕೊಂಡ ದೊಡ್ಡಮ್ಮನ ಕೈ ಸೋತಿರುತ್ತದೆ. ಮಗುವಿನ ಪಾಲಿನ ಅಕ್ಕಿ ಇನ್ನೂ ತೀರಿಕೊಂಡವರ ಪಡಿತರ ಚೀಟಿಯಲ್ಲೇ ಇರುತ್ತದೆ. ಚರ್ಚುಗಳು ಹೆಗಲು ಕೊಡಬೇಕಾದದ್ದು ಈ ನಡುವಿನ ತಿಂಗಳುಗಳಲ್ಲಿ: ಅಕ್ಕಿ, ಬಸ್ ಪಾಸು, ಪುಸ್ತಕ, ಕಚೇರಿ ಅಲೆದಾಟಕ್ಕೊಬ್ಬ ಮನುಷ್ಯ. ಅನಾಥಾಲಯ ಕಟ್ಟುತ್ತೇವೆಂದರೆ ದಾನಿಗಳು ಸಾಲುಗಟ್ಟುತ್ತಾರೆ, ದೊಡ್ಡಮ್ಮನ ಮನೆಯ ಅಕ್ಕಿಗೆ ಯಾರೂ ಬರುವುದಿಲ್ಲ. ಆದರೂ ನಮ್ಮ ಚರ್ಚುಗಳ ಜನರಿಗೆ ನಾವು ಹೇಳುತ್ತಿರುವುದು ಇದನ್ನೇ: ಹೊಸ ಕಟ್ಟಡ ಬೇಡ.

ಮತಾಂತರದ ಶಂಕೆಯೂ ಬರುತ್ತದೆ, ಬರಲಿ. ನಮ್ಮಲ್ಲಿ ತಂಗುವ ಮಗುವಿಗೆ ದೀಕ್ಷಾಸ್ನಾನವಿಲ್ಲ, ಹೆಸರು ಬದಲಾವಣೆಯಿಲ್ಲ, ಪ್ರಾರ್ಥನೆಗೆ ಕೂರಿಸುವುದಿಲ್ಲ. ದಾನಿಗಳ ಕರಪತ್ರದಲ್ಲಿ ಅದರ ಫೋಟೊ ಇರುವುದಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಅದನ್ನು ಹೇಗೂ ನಿಷೇಧಿಸಿದೆ. ತಮ್ಮ ಅಧಿಕಾರಿಗಳು ಹೇಳದೆ ಕೇಳದೆ ಬಂದು ನೋಡಬಹುದು.

ಪ್ರತಿ ತಾಲ್ಲೂಕಿನಿಂದ ಇಬ್ಬರನ್ನು, ಅವರಲ್ಲಿ ಒಬ್ಬರು ಹೆಂಗಸು, ನಾವು ಕಳಿಸುತ್ತೇವೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಅವರಿಗೆ ಒಂದು ದಿನದ ತರಬೇತಿಯನ್ನೂ ಮೇಲೆ ಹೇಳಿದ ದಾಖಲಾತಿಗೆ ಒಂದು ಪುಟದ ನಮೂನೆಯನ್ನೂ ಮೇ ಮುಗಿಯುವುದರೊಳಗೆ ಕೊಡಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಜಿಲ್ಲೆಯ ಚರ್ಚುಗಳಲ್ಲಿ ಮಕ್ಕಳ ಸೇವೆಯಲ್ಲಿರುವವರು